ದೇಹವು ಪೂರ್ಣವಾಗಿ ಬಲಿಯುವ ವಯಸ್ಸು

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಗ್ರಾಮೀಣ ದಂಪತಿಗಳಿಗಾಗಿ ಸಿದ್ಧಪಡಿಸಿದ ಭಾಷಣ)



ಮನುಷ್ಯನ ದೇಹವು ಯಾವ ವಯಸ್ಸಿನಲ್ಲಿ ತನ್ನ ಪೂರ್ಣಶಕ್ತಿಯನ್ನು ಮುಟ್ಟುತ್ತದೆ? ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವವರು ಕ್ರೀಡಾಪಟುಗಳು ಮತ್ತು ಅವರ ತರಬೇತುದಾರರು. ಆದರೆ ಇದರ ಉತ್ತರವು ಆಟಗಾರರಿಗಿಂತಲೂ ಮಿಗಿಲಾಗಿ, ಮಗಳ ಮದುವೆಯ ಯೋಚನೆಯಲ್ಲಿರುವ ತಂದೆತಾಯಿಗಳಿಗೂ ಹೊಸದಾಗಿ ಸಂಸಾರ ಹೂಡಿರುವ ದಂಪತಿಗಳಿಗೂ ಅಗತ್ಯವಾಗಿ ತಿಳಿದಿರಬೇಕು.

ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಗು ಮೈನೆರೆದ ದಿನವೇ "ದೊಡ್ಡವಳಾದಳು" ಎನ್ನುತ್ತೇವೆ. ಸಾಮಾನ್ಯವಾಗಿ ಆಗ ಅವಳಿಗೆ ಹನ್ನೆರಡೋ ಹದಿಮೂರೋ ವರ್ಷ. ಅದು ಸಂತೋಷದ ಮಾತು. ಆರತಿ ಎತ್ತುವುದೂ ಸಂತೋಷದ ಸಂಗತಿಯೇ. ಆದರೆ ದೇಹದ ಲೆಕ್ಕದಲ್ಲಿ ಅವಳು ದೊಡ್ಡವಳಾಗಲು ಅಂದು ಆರಂಭಿಸಿರುತ್ತಾಳೆ, ಅಷ್ಟೇ. ಎತ್ತುಗಳ ವಿಷಯದಲ್ಲಿ ನಮ್ಮ ರೈತರು ಈ ತಪ್ಪು ಎಣಿಕೆಯನ್ನು ಎಂದೂ ಮಾಡುವುದಿಲ್ಲ. ಜಾತ್ರೆಯಲ್ಲಿ ಹಳ್ಳಿಕಾರ್ ರಾಸುಗಳನ್ನು ಕೊಳ್ಳಲು ಹೋದವರು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಹಲ್ಲು ಹಾಕದ ಕರುವಿನ ಹೆಗಲಿಗೆ ನೊಗ ಇಡುವುದಿಲ್ಲ. ಎರಡು ಹಲ್ಲಿನ ಹೋರಿಯನ್ನು ಹಗುರವಾದ ಕೆಲಸದಲ್ಲಿ ಪಳಗಿಸುತ್ತಾರೆ. ತುಂಬಿದ ಕಬ್ಬಿನ ಗಾಡಿಯನ್ನು ಎಳೆಯಲು ಬಲಿತ ಎತ್ತನ್ನೇ ಹುಡುಕುತ್ತಾರೆ. ಕರುವಿಗೆ ತೋರುವ ಈ ವಿವೇಕವನ್ನು ನಮ್ಮ ಮನೆಯ ಮಗಳಿಗೂ ತೋರಬೇಕಲ್ಲವೇ?

ಕ್ರೀಡಾಪಟುಗಳ ವಯಸ್ಸು ಹೇಳುವುದೇನು?

ದೇಹಶಕ್ತಿಯನ್ನು ಗಡಿಯಾರದಿಂದಲೂ ಅಳತೆಪಟ್ಟಿಯಿಂದಲೂ ಕರಾರುವಾಕ್ಕಾಗಿ ಅಳೆಯುವ ಸ್ಥಳ ಕ್ರೀಡಾಂಗಣ. ಆದುದರಿಂದ ನಮ್ಮ ನಾಡಿನ ಕೆಲವು ಕ್ರೀಡಾಪಟುಗಳ ವಯಸ್ಸನ್ನು ಲೆಕ್ಕ ಹಾಕಿ ನೋಡೋಣ. ಪ್ರಕಾಶ್ ಪಡುಕೋಣೆಯವರು ೧೯೮೦ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದಾಗ ಅವರಿಗೆ ೨೪ ವರ್ಷ. ಹಾಸನ ಜಿಲ್ಲೆಯ ಹಳ್ಳಿಯಿಂದ ಬಂದ ಎಚ್.ಎನ್. ಗಿರೀಶ ಅವರು ೨೦೧೨ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಪದಕ ಪಡೆದಾಗಲೂ ೨೪ ವರ್ಷ. ಕಾರ್ಕಳ ಸೀಮೆಯ ಮಮತಾ ಪೂಜಾರಿಯವರು ೨೦೧೦ ಮತ್ತು ೨೦೧೪ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತದ ಮಹಿಳಾ ಕಬಡ್ಡಿ ತಂಡಗಳಲ್ಲಿದ್ದರು. ೧೯೮೬ರಲ್ಲಿ ಹುಟ್ಟಿದ ಅವರು ಆಗ ಇಪ್ಪತ್ತರ ಹರೆಯದಲ್ಲಿದ್ದರು. ಮೈಸೂರಿನಲ್ಲಿ ಜನಿಸಿದ ವಿಕಾಸ್ ಗೌಡ ಅವರು ೨೦೧೨ರಲ್ಲಿ ಡಿಸ್ಕಸ್ಸನ್ನು ೬೬.೨೮ ಮೀಟರ್ ದೂರ ಎಸೆದಾಗ ೨೮ ವರ್ಷದವರು. ೨೦೧೪ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗ ೩೧ ವರ್ಷದವರು.

ಎಲ್ಲ ಆಟಗಳಿಗೂ ಒಂದೇ ವಯಸ್ಸು ಇಲ್ಲವೆಂಬುದು ನಿಜ. ಜಿಮ್ನಾಸ್ಟಿಕ್ಸ್ ಮತ್ತು ಈಜಿನಲ್ಲಿ ಆಟಗಾರರು ಸ್ವಲ್ಪ ಬೇಗ ಮೇಲೇರುತ್ತಾರೆ. ವೇಗದ ಓಟದ ಶಕ್ತಿ ಇಪ್ಪತ್ತೈದರ ಆಸುಪಾಸಿನಲ್ಲಿ ಶಿಖರ ಮುಟ್ಟುತ್ತದೆ. ಎಸೆತದ ಆಟಗಳಿಗೆ ಬೇಕಾದ ತೋಳ್ಬಲ ಇಪ್ಪತ್ತರ ದಶಕದ ಕೊನೆಗೆ ಕೂಡಿಬರುತ್ತದೆ. ದೂರದ ಓಟಗಾರರು ಮೂವತ್ತು ದಾಟಿದ ಮೇಲೂ ಗೆಲ್ಲುತ್ತಾರೆ. ಹೀಗೆ ಆಟಕ್ಕೊಂದು ವಯಸ್ಸಿದ್ದರೂ ಒಂದು ಸಂಗತಿ ಸ್ಪಷ್ಟ: ಸಾಮಾನ್ಯವಾಗಿ ದೇಹವು ತನ್ನ ಪೂರ್ಣಬಲವನ್ನು ಪಡೆಯುವುದು ಇಪ್ಪತ್ತು ದಾಟಿದ ನಂತರವೇ. ಹನ್ನೆರಡರಿಂದ ಇಪ್ಪತ್ತರವರೆಗಿನ ವರ್ಷಗಳು ಶಕ್ತಿಯನ್ನು ಕೂಡಿಡುವ ವರ್ಷಗಳು. ಖರ್ಚು ಮಾಡುವ ವರ್ಷಗಳಲ್ಲ.

ಹೆಣ್ಣುಮಕ್ಕಳ ದೇಹದಲ್ಲಿ ನಡೆಯುವ ಬೆಳವಣಿಗೆ

ಹುಡುಗಿಯರ ಎತ್ತರವು ಅತಿ ವೇಗವಾಗಿ ಹೆಚ್ಚುವುದು ಹನ್ನೊಂದು ಹನ್ನೆರಡನೆಯ ವರ್ಷದಲ್ಲಿ. ಮೈನೆರೆದ ಬಳಿಕವೂ ಎರಡು ಮೂರು ವರ್ಷ ಅವರು ಬೆಳೆಯುತ್ತಾರೆ. ಎತ್ತರ ನಿಂತ ಮೇಲೂ ಸೊಂಟದ ಎಲುಬುಗಳು, ಅಂದರೆ ಹೆರಿಗೆಯ ದಾರಿ, ಇನ್ನೂ ಕೆಲವು ಕಾಲ ಅಗಲವಾಗುತ್ತಲೇ ಇರುತ್ತದೆ. ಎಲುಬಿನ ಗಟ್ಟಿತನದ ಬಹುಪಾಲು ಹದಿನೆಂಟು ಇಪ್ಪತ್ತರೊಳಗೆ ಸಂಗ್ರಹವಾಗುತ್ತದೆ. ಉಳಿದುದು ಇಪ್ಪತ್ತರ ದಶಕದಲ್ಲಿ ನಿಧಾನವಾಗಿ ತುಂಬುತ್ತದೆ. ಈ ಕಣಜ ತುಂಬುವ ಕಾಲ ಒಮ್ಮೆ ಕಳೆದರೆ ಮತ್ತೆ ಬರುವುದಿಲ್ಲ. ಮುಪ್ಪಿನಲ್ಲಿ ಬೆನ್ನು ಬಾಗದಂತೆ, ಸಣ್ಣ ಪೆಟ್ಟಿಗೆ ಎಲುಬು ಮುರಿಯದಂತೆ ಕಾಯುವುದು ಈ ಸಂಗ್ರಹವೇ.

ಹದಿನಾರು ಹದಿನೇಳರಲ್ಲಿ ಗರ್ಭ ನಿಂತರೆ ಒಂದೇ ದೇಹದಲ್ಲಿ ಇಬ್ಬರು ಬೆಳೆಯಬೇಕಾಗುತ್ತದೆ. ತಾಯಿಯಾಗುವ ಹುಡುಗಿಗೂ ಸುಣ್ಣದ ಅಂಶ ಮತ್ತು ಕಬ್ಬಿಣದ ಅಂಶ ಬೇಕು, ಹೊಟ್ಟೆಯಲ್ಲಿರುವ ಕೂಸಿಗೂ ಬೇಕು. ಇಬ್ಬರಿಗೂ ಸಾಲದೆ ಹೋಗುತ್ತದೆ. ಇದರಿಂದ ತಾಯಿಗೆ ರಕ್ತಹೀನತೆ, ರಕ್ತದ ಒತ್ತಡ ಏರಿ ನಂಜು, ಕಷ್ಟದ ಹೆರಿಗೆ ಇವುಗಳ ಭಯ ಹೆಚ್ಚು. ಕೂಸು ದಿನ ತುಂಬುವ ಮೊದಲೇ ಹುಟ್ಟಬಹುದು, ಅಥವಾ ಎರಡೂವರೆ ಕಿಲೋಗ್ರಾಂಗಿಂತ ಕಡಮೆ ತೂಗಬಹುದು. ಚೊಚ್ಚಲ ಹೆರಿಗೆಯಲ್ಲಿ ಮಗಳನ್ನು ಕಳೆದುಕೊಂಡ ಮನೆಯ ದುಃಖವನ್ನು ಯಾವ ಪದಗಳೂ ಹೇಳಲಾರವು. ಆ ದುಃಖದಲ್ಲಿ ಕೆಲಪಾಲು, ನಾವು ಮೂರು ನಾಲ್ಕು ವರ್ಷ ತಾಳ್ಮೆ ವಹಿಸಿದ್ದರೆ ತಪ್ಪಿಸಬಹುದಾಗಿದ್ದುದು.

ಆದುದರಿಂದಲೇ ಕಾನೂನು ಹೆಣ್ಣಿಗೆ ೧೮, ಗಂಡಿಗೆ ೨೧ ವರ್ಷ ತುಂಬಿರಬೇಕೆಂದು ವಿಧಿಸಿದೆ. ಕರ್ನಾಟಕದಲ್ಲಿ ೨೦೧೬ರ ತಿದ್ದುಪಡಿಯ ಮೇರೆಗೆ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು. ಸೋದರಮಾವನಿಗೆ ಕೊಟ್ಟರೂ, ಸೋದರತ್ತೆಯ ಮಗನಿಗೆ ಕೊಟ್ಟರೂ, ದೇವಸ್ಥಾನದಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿಸಿದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಅಂತಹ ಮದುವೆಯ ಸುಳಿವು ಸಿಕ್ಕಿದರೆ ೧೦೯೮ ಎಂಬ ಮಕ್ಕಳ ಸಹಾಯವಾಣಿಗೆ ಯಾರಾದರೂ ತಿಳಿಸಬಹುದು.

ದುಡಿಮೆಯೊಂದೇ ಸಾಲದು

"ನಮ್ಮ ಹೆಂಗಸರು ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಾರೆ, ಅವರಿಗಿಂತ ಗಟ್ಟಿಗರು ಯಾರು?" ಎಂದು ಕೆಲವರು ಕೇಳಬಹುದು. ಕ್ರೀಡಾಪಟುವಿನ ತರಬೇತಿಯಲ್ಲಿ ಮೂರು ಅಂಗಗಳಿವೆ: ಶ್ರಮ, ಆಹಾರ ಮತ್ತು ವಿಶ್ರಾಂತಿ. ಇವುಗಳಲ್ಲಿ ಒಂದು ತಪ್ಪಿದರೂ ದೇಹ ಬಲಿಯುವುದಿಲ್ಲ, ಸವೆಯುತ್ತದೆ. ಭತ್ತದ ನಾಟಿ, ಕಳೆ ಕೀಳುವುದು, ಕೊಟ್ಟಿಗೆ, ಒಲೆ ಎಂದು ನಮ್ಮ ಸೊಸೆಯಂದಿರಿಗೆ ಮೊದಲನೆಯದು ಹೇರಳವಾಗಿ ದೊರೆಯುತ್ತದೆ. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದುದೇ ಅವರ ಊಟವಾದರೆ ಎರಡನೆಯದು ಎಲ್ಲಿಂದ ಬಂದೀತು? ಮೂರನೆಯದನ್ನಂತೂ ಕೇಳುವವರೇ ಇಲ್ಲ.

ಒಳ್ಳೆಯ ಆಹಾರಕ್ಕಾಗಿ ಪಟ್ಟಣಕ್ಕೆ ಹೋಗಬೇಕಾಗಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಸಮೃದ್ಧವಾಗಿದೆ. ಹುರುಳಿ, ಅವರೆ, ಅಲಸಂದೆ ಕಾಳುಗಳು ಮೈಕಟ್ಟಿಗೆ ಬೇಕು. ಸೊಪ್ಪಿನ ಬಸ್ಸಾರು ಕಬ್ಬಿಣದ ಅಂಶವನ್ನು ಒದಗಿಸುತ್ತದೆ. ಅದರೊಡನೆ ನಿಂಬೆಹಣ್ಣಿನ ರಸ ಬೆರೆಸಿದರೆ ಆ ಅಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಅದು ವ್ಯರ್ಥವಾಗುತ್ತದೆ. ಸೇವಿಸುವವರು ಮೊಟ್ಟೆ, ಮೀನು, ಮಾಂಸವನ್ನು ಹೆಂಗಸರಿಗೂ ಸಮಪಾಲು ಬಡಿಸಬೇಕು. ಗರ್ಭಿಣಿಯರು ಮೂರು ತಿಂಗಳು ಕಳೆದ ಮೇಲೆ ೧೮೦ ದಿನ, ಹೆರಿಗೆಯಾದ ಬಳಿಕ ಇನ್ನೂ ೧೮೦ ದಿನ ಕಬ್ಬಿಣದ ಮಾತ್ರೆಗಳನ್ನು ಸೇವಿಸಬೇಕು. ಇವು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ.

ದಂಪತಿಗಳು ಮಾಡಬೇಕಾದುದು

ಮದುವೆಯಾದ ವರ್ಷವೇ ತೊಟ್ಟಿಲು ತೂಗಬೇಕೆಂಬ ಆತುರ ಬೇಡ. ಪತ್ನಿಗೆ ಇಪ್ಪತ್ತು ತುಂಬುವವರೆಗೆ ಮೊದಲ ಮಗುವನ್ನು ಮುಂದೂಡಿರಿ. ಒಂದು ಹೆರಿಗೆಗೂ ಮತ್ತೊಂದಕ್ಕೂ ನಡುವೆ ಮೂರು ವರ್ಷಗಳ ಅಂತರವಿರಲಿ. ಓಟ ಮುಗಿಸಿದ ಓಟಗಾರನಿಗೆ ಬಿಡುವು ಬೇಕಾದಂತೆ ಬಾಣಂತಿಯ ದೇಹಕ್ಕೂ ಚೇತರಿಸಿಕೊಳ್ಳಲು ಕಾಲಾವಕಾಶ ಬೇಕು. ಇದಕ್ಕಾಗಿ ನಿರೋಧ್, ಮಾಲಾ-ಎನ್ ಮಾತ್ರೆ, ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದು ಮುಂತಾದ ಸಾಧನಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಲಭ್ಯವಿವೆ. ಯಾವುದು ತಮಗೆ ಹೊಂದುತ್ತದೆಂಬುದನ್ನು ಪತಿಪತ್ನಿಯರಿಬ್ಬರೂ ಕೂಡಿ ಬಂದು ವೈದ್ಯರೊಡನೆ ಆಲೋಚಿಸಿ ತೀರ್ಮಾನಿಸಬೇಕು. "ಇನ್ನೂ ಮಕ್ಕಳಾಗಲಿಲ್ಲವೇ?" ಎಂಬ ನೆರೆಹೊರೆಯ ಪ್ರಶ್ನೆಗೆ ಸೊಸೆಯನ್ನು ಮುಂದೆ ನಿಲ್ಲಿಸದೆ, ಅತ್ತೆಯೂ ಪತಿಯೂ ಧೈರ್ಯವಾಗಿ ಉತ್ತರ ಹೇಳುವಂತಾಗಬೇಕು.

ತಡವಾದರೆ ಶಕ್ತಿ ಕುಂದೀತು ಎಂಬ ಅಂಜಿಕೆ ಬೇಡ. ಓಟಗಾರ್ತಿ ಪಿ.ಟಿ. ಉಷಾ ಅವರು ೧೯೯೨ರಲ್ಲಿ ತಾಯಿಯಾದರು. ಆರು ವರ್ಷಗಳ ನಂತರ, ೧೯೯೮ರಲ್ಲಿ, ತಮ್ಮ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಏಷ್ಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಮತ್ತೆ ಪದಕಗಳನ್ನು ಗೆದ್ದರು. ಮಣಿಪುರದ ಮೇರಿ ಕೋಮ್ ಅವರು ೨೦೦೭ರಲ್ಲಿ ಅವಳಿ ಮಕ್ಕಳನ್ನು ಹೆತ್ತ ಬಳಿಕ ೨೦೧೨ರ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಪಡೆದರು. ಬಲಿತ ದೇಹದಲ್ಲಿ ಆದ ಹೆರಿಗೆ, ಅನಂತರದ ಆರೈಕೆ, ಮನೆಯವರ ಸಹಕಾರ ಇವು ಕೂಡಿದರೆ ತಾಯ್ತನವು ಶಕ್ತಿಗೆ ಕೊನೆಯಾಗುವುದಿಲ್ಲ.

ಮೂವತ್ತು ದಾಟಿದವರಿಗೂ ಒಂದು ಮಾತು. ಆ ವಯಸ್ಸಿನ ಬಳಿಕ ಉಸಿರಿನ ಶಕ್ತಿ ಹತ್ತು ವರ್ಷಕ್ಕೆ ಸುಮಾರು ಶೇಕಡಾ ಹತ್ತರಂತೆ ಇಳಿಯತೊಡಗುತ್ತದೆ. ದೇಹವನ್ನು ಪಳಗಿಸಿಟ್ಟುಕೊಂಡವರಲ್ಲಿ ಈ ಇಳಿತ ನಿಧಾನ. ಕೊಡಗಿನ ರೋಹನ್ ಬೋಪಣ್ಣ ಅವರು ೨೦೨೪ರಲ್ಲಿ ಆಸ್ಟ್ರೇಲಿಯನ್ ಓಪನ್ ಟೆನಿಸ್ಸಿನ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ ೪೩ ವರ್ಷ. ಬೀಡಿಯೂ ಹೆಂಡವೂ ಈ ಇಳಿಜಾರನ್ನು ಕಡಿದಾಗಿಸುತ್ತವೆ ಎಂಬುದನ್ನು ಗಂಡಸರು ಮರೆಯಬಾರದು.

ಮಳವಳ್ಳಿಗೆ ನೆರೆಯದಾದ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಅವರು, ೨೦೨೫ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಅಂತಹ ಹುಡುಗಿಯರು ನಮ್ಮ ಊರುಗಳಲ್ಲೂ ಇದ್ದಾರೆ. ಎಲ್ಲರೂ ಪದಕ ಗೆಲ್ಲಬೇಕಾಗಿಲ್ಲ. ಎಲ್ಲರಿಗೂ ಪೂರ್ತಿಯಾಗಿ ಬೆಳೆಯುವ ಹಕ್ಕಿದೆ. ಇಂದು ಮನೆಗೆ ಹೋದ ಮೇಲೆ, ನಿಮ್ಮ ಮಗಳಿಗೆ ಇಪ್ಪತ್ತು ತುಂಬಲು ಇನ್ನು ಎಷ್ಟು ವರ್ಷ ಉಳಿದಿದೆಯೆಂದು ಪತಿಪತ್ನಿಯರಿಬ್ಬರೂ ಕೂತು ಲೆಕ್ಕ ಹಾಕಿರಿ. ಆ ಅಷ್ಟೂ ವರ್ಷ ಅವಳ ತಟ್ಟೆಯಲ್ಲಿ ಊಟ, ಕೈಯಲ್ಲಿ ಪುಸ್ತಕ, ಆಡಲು ಬಯಲು ಇರಲಿ.