ಕೊಳೆ ಬೀಳುವ ಮೊದಲೇ



ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದವರಿಗೆ ಕೊಳೆರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಳೆ ಅಡಿಕೆ ಬುಡಕ್ಕೆ ಉದುರುವ ಹೊತ್ತಿಗೆ ಮೇಲೆ ಕೊನೆಗೆ ರೋಗ ಹಬ್ಬಿಯಾಗಿರುತ್ತದೆ. ಅದಕ್ಕೇ ಮಳೆ ಜೋರಾಗುವ ಮುನ್ನವೇ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಸಕ್ಕರೆ ಕಾಯಿಲೆಯವರ ಮೂತ್ರಪಿಂಡದ್ದೂ ಇದೇ ಕಥೆ. ಕಾಲು ಬಾತು, ಊಟ ಸೇರದೆ ವೈದ್ಯರಲ್ಲಿಗೆ ಹೋಗುವಾಗ ಕಿಡ್ನಿ ಬಹುಪಾಲು ಸೋತಿರುತ್ತದೆ.

ಮುಂದೇನಾದೀತೆಂದು ಮೊದಲೇ ಅಂದಾಜು ಮಾಡಲು ಮುಖ್ಯವಾಗಿ ಎರಡು ಪರೀಕ್ಷೆಗಳಿವೆ. ಒಂದು ಮೂತ್ರದ್ದು. ಸೋಸುವ ಜಾಲರಿ ಹಾಳಾದರೆ ಅಲ್ಬುಮಿನ್ ಎಂಬ ಪ್ರೋಟೀನು ಸೋರುತ್ತದೆ. ಮೂತ್ರದಲ್ಲಿ ಹೋಗುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಒಂದು ಗ್ರಾಂಗೆ ಅದು 30 ಮಿಲಿಗ್ರಾಂ ದಾಟಿದರೆ ಎಚ್ಚರಿಕೆ, 300 ದಾಟಿದರೆ ಅಪಾಯ ಹೆಚ್ಚು. ಈ ಸಣ್ಣ ಸೋರಿಕೆಯೇ ಮುಂದಿನ ಕೇಡಿನ ಸೂಚನೆಯೆಂದು ಡೆನ್ಮಾರ್ಕಿನ ವೈದ್ಯ ಮೊಗೆನ್ಸೆನ್ 1984ರಲ್ಲಿ ತೋರಿಸಿಕೊಟ್ಟರು. ಇನ್ನೊಂದು ರಕ್ತದ್ದು. ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆಂದು ಹೇಳುವ ಇ-ಜಿಎಫ್‌ಆರ್. 90ರ ಮೇಲಿದ್ದರೆ ಒಳ್ಳೆಯದು. 15ಕ್ಕಿಂತ ಕೆಳಗಿಳಿದರೆ ಡಯಾಲಿಸಿಸ್ ಮಾತು ಬರುತ್ತದೆ.

ಆದರೆ ಒಂದೇ ವರ್ಷದ ಫಸಲು ನೋಡಿ ತೋಟದ ಯೋಗ್ಯತೆ ಹೇಳಲಾಗದು. ಕಿಡ್ನಿಗೂ ಹಾಗೆಯೇ, ಇಳಿತದ ವೇಗ ನೋಡಬೇಕು. ಒಬ್ಬರ ಇ-ಜಿಎಫ್‌ಆರ್ ಹೋದ ವರ್ಷ 60, ಅದರ ಹಿಂದಿನ ವರ್ಷ 64, ಈಗ 56 ಎನ್ನಿ. ವರ್ಷಕ್ಕೆ ನಾಲ್ಕರಂತೆ ಇಳಿದರೆ 15ಕ್ಕೆ ಬರಲು ಸುಮಾರು ಹತ್ತು ವರ್ಷ. ಇಳಿತವನ್ನು ಎರಡಕ್ಕೆ ತಂದರೆ ಇಪ್ಪತ್ತು ವರ್ಷ! ಲೆಕ್ಕ ಹಾಕುವುದು ಹೆದರಿಸುವುದಕ್ಕಲ್ಲ, ಈ ಹತ್ತು ವರ್ಷ ಗಳಿಸುವುದಕ್ಕೆ. ಕೆನಡಾದ ನವದೀಪ್ ತಂಗ್ರಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಸೂತ್ರ, ಈ ಎರಡು ಅಂಕಿಗಳ ಜೊತೆ ವಯಸ್ಸು, ಲಿಂಗ ಸೇರಿಸಿ, ಕಿಡ್ನಿ ಆಗಲೇ ಕುಂದಿದವರಿಗೆ ಐದು ವರ್ಷದೊಳಗೆ ಕಿಡ್ನಿ ಪೂರ್ತಿ ಸೋಲುವ ಅಪಾಯ ಎಷ್ಟೆಂದು ಹೇಳುತ್ತದೆ.

ವೇಗ ತಗ್ಗಿಸುವುದು ಹೇಗೆ? ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಲಿ. ಉಪ್ಪಿನಕಾಯಿ, ಹಪ್ಪಳಕ್ಕೆ ಮಿತಿಯಿರಲಿ. ಮೈಕೈ ನೋವಿಗೆ ಅಂಗಡಿಯಿಂದ ತಾವೇ ಗುಳಿಗೆ ತಂದು ನುಂಗುವುದು ಬೇಡ. ಡಾಪಾಗ್ಲಿಫ್ಲೋಜಿನ್‌ನಂಥ ಔಷಧಿ ಶುರುವಾದಾಗ ಇ-ಜಿಎಫ್‌ಆರ್ ಅಂಕಿ ಮೊದಲು ತುಸು ಇಳಿಯುವುದುಂಟು, ಆಮೇಲೆ ಇಳಿತವೇ ನಿಧಾನವಾಗುತ್ತದೆ. ಹೆದರಿ ಬಿಡಬೇಡಿ, ವೈದ್ಯರನ್ನು ಕೇಳಿ.

ಡಯಾಲಿಸಿಸ್ ಎಂದರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸು. ಘಟ್ಟದ ಹಳ್ಳಿಯಿಂದ ಹೋಗಿ ಬರುವ ದಾರಿ ಬೇರೆ. ಅಡಿಕೆ ಮಾರಿದ ಚೀಟಿಗಳನ್ನು ಜೋಪಾನ ಮಾಡುತ್ತೀರಲ್ಲ, ಪರೀಕ್ಷೆಯ ಹಳೆಯ ವರದಿಗಳನ್ನೂ ಹಾಗೇ ಜೋಡಿಸಿಡಿ. ವರ್ಷಕ್ಕೊಮ್ಮೆ ಎರಡೂ ಪರೀಕ್ಷೆ ಮಾಡಿಸಿ, ಹಳೆಯದರ ಪಕ್ಕ ಹೊಸದನ್ನಿಟ್ಟು ವೈದ್ಯರಿಗೆ ತೋರಿಸಿ.