89 ಮತಗಳ ಲೆಕ್ಕ
(ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆಯ ಮಾತು ಶಾಲೆಗೇಕೆ ಎಂದು ನೀವು ಕೇಳಬಹುದು. ಯಾರಿಗೆ ಮತ ಹಾಕಬೇಕೆಂದು ಹೇಳುವುದು ಅಧ್ಯಾಪಕನ ಕೆಲಸವಲ್ಲ, ನಾನು ಹೇಳುವುದೂ ಇಲ್ಲ. ಆದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದಾಗ ನಾವು ಮನವಿ ಹಿಡಿದು ಹೋಗುವುದು ಗೆದ್ದವರ ಬಳಿಗೇ ಅಲ್ಲವೇ? ಅವರು ಗೆಲ್ಲುವುದು ಯಾವುದರಿಂದ ಎಂಬುದು ನಮಗೆ ತಿಳಿದಿರಲಿ.

ಕಾಸರಗೋಡಿನ ನಮ್ಮ ಮಂಜೇಶ್ವರ ಕ್ಷೇತ್ರವನ್ನೇ ನೋಡಿ. ರಾಜ್ಯ ಪುನರ್ವಿಂಗಡಣೆಯ ಮರುವರ್ಷ, 1957ರಲ್ಲಿ, ಪಕ್ಷೇತರರಾದ ಎಂ. ಉಮೇಶ ರಾವ್ ಇಲ್ಲಿ ಅವಿರೋಧವಾಗಿ ಆಯ್ಕೆಯಾದರು. 1960, 1965, 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಕನ್ನಡ ನಾಡಿಗೆ ಸೇರಬೇಕೆಂಬ ಹಂಬಲವೇ ಆಗಿನ ಪ್ರಣಾಳಿಕೆ. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವೂ ಹೇಳಿತು. ಮೂರೇ ವರ್ಷಗಳ ಬಳಿಕ, 1970ರಲ್ಲಿ, ಗೆದ್ದವರು ಸಿಪಿಐಯ ಎಂ. ರಾಮಪ್ಪ.

ಅಷ್ಟರಲ್ಲಿ ಭಾಷಾಭಿಮಾನ ಬತ್ತಿಹೋಯಿತೇ? ನನಗೆ ಹಾಗನ್ನಿಸುವುದಿಲ್ಲ. ಆಯೋಗದ ವರದಿ ಕಡತದಲ್ಲೇ ಉಳಿಯಿತು. ಅತ್ತ ಸಿಪಿಐಯ ಅಚ್ಯುತ ಮೆನನ್ ಸರಕಾರ 1970ರ ಜನವರಿ 1ರಿಂದ ಭೂಸುಧಾರಣೆ ಜಾರಿಗೆ ತಂದು ಗೇಣಿ ಒಕ್ಕಲಿಗೆ ಭೂಮಿಯ ಹಕ್ಕು ಕೊಟ್ಟಿತು. ನಮ್ಮಲ್ಲಿ ಗೇಣಿ ಅಳೆಯುವವನ ಮಾತೂ ತುಳು-ಕನ್ನಡ, ಅಳೆಸಿಕೊಳ್ಳುವ ಧಣಿಯ ಮಾತೂ ಅದೇ. ಭಾಷೆಯೊಂದರ ಹೆಸರಿನಲ್ಲಿ ಇಬ್ಬರೂ ಎಷ್ಟು ಕಾಲ ಒಂದೇ ಚಿಹ್ನೆಗೆ ಮುದ್ರೆ ಒತ್ತಿಯಾರು? ಒಕ್ಕಲಿಗೆ ಗಡಿಗಿಂತ ಗದ್ದೆಯ ಹುಣಿಯೇ ಹತ್ತಿರ. ಇದನ್ನು ದ್ರೋಹವೆಂದು ಕರೆಯುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಈಚಿನ ಲೆಕ್ಕ ಇನ್ನೂ ಬಿಗಿ. 2016ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಅವರು ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು 89 ಮತಗಳಿಂದ. 2021ರಲ್ಲಿ ಅದೇ ಸುರೇಂದ್ರನ್ ಅವರೆದುರು ಎ.ಕೆ.ಎಂ. ಅಶ್ರಫ್ ಗೆದ್ದದ್ದು 745 ಮತಗಳಿಂದ. ಅಶ್ರಫ್ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು, ನಮಗೆಲ್ಲ ಸಂತೋಷವಾಯಿತು. ಆದರೆ ಸಂತೋಷದಿಂದ ಅಧ್ಯಾಪಕರ ಹುದ್ದೆ ತುಂಬುವುದಿಲ್ಲ. ನಮ್ಮ ಮತ ಧರ್ಮ, ಪಕ್ಷಗಳ ಮೇಲೆ ಮೊದಲೇ ಹಂಚಿಹೋಗಿದೆ ಎಂದು ಪಕ್ಷಗಳು ಬಲ್ಲವು. ಹಾಗಿರುವಾಗ ಕನ್ನಡದ ಕರಪತ್ರ ಹಂಚಿದರೆ ಸಾಕೆಂದು ಅವಕ್ಕೆ ತೋರುವುದು ಸಹಜವೇ.

ಒಂದು ಹೈಸ್ಕೂಲಿನ ರಕ್ಷಕರನ್ನು ಎಣಿಸಿದರೆ 89ಕ್ಕಿಂತ ಎಷ್ಟೋ ಹೆಚ್ಚು. ನೀವು ಯಾವ ಪಕ್ಷದವರಾದರೂ ಇರಿ, ಮನೆಗೆ ಬಂದ ಅಭ್ಯರ್ಥಿಯನ್ನು ಒಂದೇ ಪ್ರಶ್ನೆ ಕೇಳಿ. ಕಟ್ಟಡ, ಬೆಂಚು ಪಂಚಾಯತಿನ ಕೈಯಲ್ಲಿವೆ, ಅದನ್ನು ಪಂಚಾಯತು ಚುನಾವಣೆಯಲ್ಲಿ ಕೇಳಿ. ಸರಕಾರಿ ಶಾಲೆಗೆ ಅಧ್ಯಾಪಕರು ಬರುವುದು ಪಿ.ಎಸ್.ಸಿ. ಮೂಲಕ. ಕನ್ನಡ ಬಲ್ಲವರೇ ಬರುವಂತೆ ನಿಯಮ ಬಿಗಿಗೊಳಿಸಲು ತಿರುವನಂತಪುರದಲ್ಲಿ ಏನು ಮಾಡುತ್ತೀರಿ ಎಂದು ಶಾಸಕರಾಗಬಯಸುವವರನ್ನು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.