ಮುಟ್ಟಿನ ನೋವು: ಕಾರಣವನ್ನು ನೋಡಿ ತಿಳಿಯೋಣ

(ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ರೈತರಿಗಾಗಿ ಮಾಡಿದ ಭಾಷಣ)



ಅಡಿಕೆ ಮರದ ಸೋಗೆ ಹಳದಿಯಾದರೆ ನಾವು ಬುಡ ಬಿಡಿಸಿ ನೋಡುತ್ತೇವೆ. ಬೇರುಹುಳು ಬಿದ್ದಿದೆಯೋ, ಬಸಿಗಾಲುವೆ ಕಟ್ಟಿ ನೀರು ನಿಂತಿದೆಯೋ ಎಂದು ತಿಳಿದು ಆಮೇಲೆ ಉಪಾಯ ಮಾಡುತ್ತೇವೆ. ಆದರೆ ಮನೆಯ ಹೆಣ್ಣುಮಗಳು ಮುಟ್ಟಿನ ದಿನಗಳಲ್ಲಿ ಹೊಟ್ಟೆ ಹಿಡಿದುಕೊಂಡು, ಮೆಟ್ಟುಗತ್ತಿ ಬಿಟ್ಟೆದ್ದು ಮಲಗಿದರೆ, "ಹೆಂಗಸರಿಗೆ ಇದು ಇದ್ದದ್ದೇ" ಎಂದು ಸುಮ್ಮನಾಗುತ್ತೇವೆ. ಮರಕ್ಕೆ ತೋರಿಸುವ ಕಾಳಜಿಯನ್ನು ಮಗಳಿಗೆ ತೋರಿಸಬೇಡವೇ?

ಈ ನೋವಿನಲ್ಲಿ ಎರಡು ಬಗೆ ಉಂಟು. ಮೊದಲನೆಯದಕ್ಕೆ ಬೇರೆ ರೋಗ ಕಾರಣವಲ್ಲ. ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ರಸವು ಗರ್ಭಕೋಶವನ್ನು ಬಿಗಿಯಾಗಿ ಹಿಂಡುತ್ತದೆ. ಎಳೆಯ ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವುದು ಇದೇ. ಬಿಸಿನೀರಿನ ಶಾಖದಿಂದಲೂ, ವೈದ್ಯರು ಹೇಳಿದ ಮಾತ್ರೆಯಿಂದಲೂ ಇದು ತಗ್ಗುವುದುಂಟು. ಎರಡನೆಯದಕ್ಕೆ ಒಳಗೆ ರೋಗವಿರುತ್ತದೆ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗೆಡ್ಡೆ ಬೆಳೆದಿರಬಹುದು. ಒಳಪದರದಂಥ ಅಂಶವು ಗರ್ಭಕೋಶದ ಗೋಡೆಯೊಳಗೆ ಹೊಕ್ಕಿರಬಹುದು. ಅದೇ ಅಂಶ ಹೊರಗೆ, ಅಂಡಾಶಯ ಮೊದಲಾದ ಕಡೆ ಬೆಳೆದರೆ ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ.

ಒಳಗಿನದನ್ನು ಕೊಯ್ಯದೆ ನೋಡುವುದು ಹೇಗೆ? ಬಾವಿಗೆ ಬಗ್ಗಿ ಕೂಗಿದರೆ ದನಿ ತಿರುಗಿ ಬರುತ್ತದಲ್ಲವೇ? ಅಲ್ಟ್ರಾಸೌಂಡ್ ಯಂತ್ರವೂ ಹಾಗೆಯೇ. ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಹೊಟ್ಟೆಯೊಳಕ್ಕೆ ಕಳುಹಿಸಿ, ತಿರುಗಿ ಬಂದ ಪ್ರತಿಧ್ವನಿಯಿಂದ ಚಿತ್ರ ಬರೆಯುತ್ತದೆ. ಇದರಲ್ಲಿ ಕ್ಷಕಿರಣವಿಲ್ಲ. ಲೋಹದ ಒಳಬಿರುಕು ಹುಡುಕುತ್ತಿದ್ದ ಈ ಉಪಾಯವನ್ನು ಗ್ಲಾಸ್ಗೋ ನಗರದ ಡಾ. ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗೆಡ್ಡೆಗಳನ್ನು ನೋಡಲು ಬಳಸಿ, 1958ರಲ್ಲಿ ಪ್ರಕಟಿಸಿದರು. ವಾಸಿಯಾಗದ ಕ್ಯಾನ್ಸರ್ ಎಂದುಕೊಂಡಿದ್ದ ಒಬ್ಬ ಹೆಂಗಸಿಗೆ ಇದ್ದದ್ದು ಅಂಡಾಶಯದ ನೀರುಗೆಡ್ಡೆ ಎಂದು ಆಗ ತಿಳಿಯಿತು. ಅದನ್ನು ತೆಗೆದುಹಾಕಿದರು.

"ಸ್ಕ್ಯಾನಿಂಗ್ ಬಸುರಿಯರಿಗೆ ಮಾತ್ರ, ಮದುವೆಯಾಗದ ಹುಡುಗಿಯನ್ನು ಕರೆದೊಯ್ದರೆ ಊರವರು ಏನೆಂದಾರು?" ಎಂಬ ಅಂಜಿಕೆ ಹಲವರಿಗುಂಟು. ಈ ಅಂಜಿಕೆಯಿಂದ ವರ್ಷಗಟ್ಟಲೆ ರೋಗ ಒಳಗೇ ಬಲಿಯುತ್ತದೆ. ಹುಡುಗಿಯರಿಗೆ ಹೊಟ್ಟೆಯ ಮೇಲಿನಿಂದಲೇ ನೋಡುತ್ತಾರೆ. ಅದಕ್ಕೆ ಮೊದಲು ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು. ಆಗ ಚಿತ್ರ ಸ್ಪಷ್ಟವಾಗುತ್ತದೆ.

ನೋವು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಹಿಂದೆ ಇಲ್ಲದ ನೋವು ಹೊಸದಾಗಿ ಬಂದಿದ್ದರೆ, ಸ್ರಾವ ಅತಿಯಾದರೆ, ಮಾತ್ರೆಗೂ ಬಗ್ಗದಿದ್ದರೆ, ಮಕ್ಕಳಾಗುವುದು ತಡವಾದರೆ, ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ಅವರು ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಚೀಟಿ ಬರೆದುಕೊಡಬಹುದು. ಯಾವ ದಿನ ನೋವು ಬಂತು, ಎಷ್ಟು ದಿನ ಇತ್ತು ಎಂದು ಮೂರು ತಿಂಗಳ ಲೆಕ್ಕವನ್ನು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಿದ್ದರೆ ವೈದ್ಯರಿಗೆ ಅನುಕೂಲ. ಲೆಕ್ಕ ಬರೆದಿಲ್ಲವೆಂದು ಮಾತ್ರ ಹೋಗುವುದನ್ನು ಮುಂದೂಡಬೇಡಿ.

ಒಂದು ಮಾತು ನೆನಪಿರಲಿ. ಯಂತ್ರಕ್ಕೂ ಎಲ್ಲವೂ ಕಾಣಿಸದು. ಎಂಡೊಮೆಟ್ರಿಯೋಸಿಸ್‌ನ ಸಣ್ಣ ಕಲೆಗಳು ತಪ್ಪಿಹೋಗುವುದುಂಟು. ಆದುದರಿಂದ "ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ" ಎಂದರೆ "ನೋವೇ ಸುಳ್ಳು" ಎಂದು ಅರ್ಥವಲ್ಲ. ನೋವು ಉಳಿದರೆ ಮತ್ತೆ ವೈದ್ಯರಲ್ಲಿಗೆ ಹೋಗಬೇಕು.

ಗಂಡಸರಲ್ಲಿ ನನ್ನ ವಿಶೇಷ ವಿನಂತಿ. ಬಸ್ಸಿನ ದುಡ್ಡು ಕೊಟ್ಟು ಕೈತೊಳೆದುಕೊಳ್ಳಬೇಡಿ. ತೋಟದ ಕೆಲಸ ಒಂದು ದಿನ ನಿಂತರೂ ಚಿಂತೆಯಿಲ್ಲ, ಜೊತೆಯಲ್ಲಿ ಹೋಗಿಬನ್ನಿ.